‘ಕಲ್ಲು ಅಷ್ಟೆ’ ಅಂದರೆ ಸಾಲದು, ಕಲ್ಲಿನ ಹಿಂದೆ ಏನಿದೆ ಹೇಳಿ

ಕೊಡಿಗೇಹಳ್ಳಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ಸಂಜೆ ನಾವು ಮೂವರು ಕೂತು ಒಂದು ಪ್ಲಾಸ್ಟಿಕ್ ಕವರು ಬಿಚ್ಚಿದೆವು. ಯಾವುದೋ ಬಟ್ಟೆ ಅಂಗಡಿಯ ಕವರು. ಒಳಗೆ ಏಳು ವರ್ಷದ ಸ್ಕ್ಯಾನಿಂಗ್ ರಿಪೋರ್ಟು, ರಕ್ತಪರೀಕ್ಷೆ ಹಾಳೆ, ಡಿಸ್ಚಾರ್ಜ್ ಚೀಟಿ, ಮಾತ್ರೆ ಬಿಲ್ಲು. ಎಲ್ಲಾ ನಮ್ಮ ಬಳಗದ ಒಬ್ಬನ ದೊಡ್ಡಪ್ಪನವು. ದೇವನಹಳ್ಳಿ ಕಡೆಯ ಹಳ್ಳಿಯವರು, ದ್ರಾಕ್ಷಿ ಬೆಳೆದವರು, ಆಮೇಲೆ ನೀರಿಲ್ಲದೆ ಚಪ್ಪರ ಕಿತ್ತು ಸೊಪ್ಪು ಹಾಕಿದವರು. ಅವರು ತೀರಿಕೊಂಡು ಆಗ ಇಪ್ಪತ್ತು ದಿನವಾಗಿತ್ತು.

ಸುದ್ದಿ ಬರೆಯುವವರ ಚಾಳಿ ನೋಡಿ, ನಾವು ಆ ಹಾಳೆಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಪೆನ್ನು ಹಿಡಿದು ಓದಿದೆವು. ಕಲ್ಲು ಎಂಬ ಅರ್ಥದ ಇಂಗ್ಲಿಷ್ ಪದಗಳು ಹತ್ತೊಂಬತ್ತು ಕಡೆ ಸಿಕ್ಕವು. ಬಯಾಪ್ಸಿ ಅನ್ನುವ ಪದ ಕೊನೆಯ ಹಾಳೆವರೆಗೂ ಸಿಗಲಿಲ್ಲ. ಕ್ಯಾನ್ಸರ್ ಅನ್ನುವ ಪದ ಸಿಕ್ಕಿದ್ದು ಕೊನೆಯ ಹಾಳೆಯಲ್ಲಿ, ಒಂದೇ ಒಂದು ಸಲ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಈ ಏಳು ವರ್ಷ ದೊಡ್ಡಮ್ಮ ಪ್ರತಿ ಸಲ ಕೇಳಿದ್ದು ಒಂದೇ ಪ್ರಶ್ನೆ: “ಏನಾಗೈತೆ ಸಾರ್ ಇವ್ರಿಗೆ?” ಪ್ರತಿ ಸಲ ಬಂದ ಉತ್ತರವೂ ಒಂದೇ: “ಏನಿಲ್ಲಮ್ಮ, ಕಲ್ಲು ಅಷ್ಟೆ.”

ಈ ‘ಅಷ್ಟೆ’ ಅನ್ನುವ ಮಾತಿನ ಮೇಲೆಯೇ ನಮ್ಮ ಜಗಳ.

ಮೊದಲೇ ಹೇಳಿಬಿಡುತ್ತೇವೆ, ನಾವು ಡಾಕ್ಟರಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿ, ಸುದ್ದಿಗೆ ಇಷ್ಟು ಎಂದು ದುಡ್ಡು ಎಣಿಸಿಕೊಳ್ಳುವ ವರದಿಗಾರರು. ಆದರೆ ಮೊದಲನೇ ಉತ್ತರ ಸಿಕ್ಕ ಕೂಡಲೇ ಪೆನ್ನು ಮುಚ್ಚಬಾರದು ಎಂದು ನಮಗೆ ಕಲಿಸಿದ್ದಾರೆ. ಟ್ಯಾಂಕರ್ ಮಗುಚಿತು ಅಂದರೆ ಯಾಕೆ ಮಗುಚಿತು ಎಂದು ಕೇಳಬೇಕು. ಈ ಕೆಲಸ ಆಸ್ಪತ್ರೆಯಲ್ಲೂ ಆಗಬೇಕಿತ್ತು. ಆಗಲಿಲ್ಲ.

ವಿಷಯ ಅರ್ಥವಾಗಬೇಕಾದರೆ ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ ‘ಕಲ್ಲು’ ಅಂದರೆ ಎಲ್ಲಾ ಒಂದೇ. ಕಿಡ್ನಿ ಕಲ್ಲಿಗೂ ಬಾಳೆದಿಂಡಿನ ರಸ, ಪಿತ್ತಕೋಶದ ಕಲ್ಲಿಗೂ ಬಾಳೆದಿಂಡಿನ ರಸ, ಮೇಲಕ್ಕೊಂದು ಲೋಟ ಹುರುಳಿ ಬೇಯಿಸಿದ ನೀರು. ಆದರೆ ಇವು ಬೇರೆ ಬೇರೆ ಜಾಗದ, ಬೇರೆ ಬೇರೆ ಜಾತಿಯ ಕಲ್ಲುಗಳು. ಕಿಡ್ನಿ ಕಲ್ಲು ಮೂತ್ರದ ದಾರಿಯಲ್ಲಿ ಹೋಗುತ್ತದೆ. ಪಿತ್ತಕೋಶ ಅನ್ನುವುದು ಲಿವರಿನ ಕೆಳಗೆ ನೇತಾಡುವ ಒಂದು ಸಣ್ಣ ಚೀಲ, ಅದರೊಳಗೆ ಕಲ್ಲು ಆಗುವುದು ಬಹಳ ಸಾಮಾನ್ಯ. ಮೂರನೆಯದು ಲಿವರಿನ ಒಳಗಿನ ಪಿತ್ತನಾಳಗಳಲ್ಲೇ ಕೂರುವ ಕಲ್ಲು. ಇದು ಕಡಿಮೆ ಜನಕ್ಕೆ ಬರುತ್ತದೆ. ನಾವು ಬರೆಯುತ್ತಿರುವುದು ಈ ಮೂರನೆಯದರ ಬಗ್ಗೆ.

ಲಿವರು, ಅಂದರೆ ಊರ ಕಡೆ ಮಾಂಸದಂಗಡಿಯಲ್ಲಿ ಈಲಿ ಅನ್ನುತ್ತೇವಲ್ಲ ಅದು, ದಿನಕ್ಕೆ ಸುಮಾರು ಅರ್ಧದಿಂದ ಒಂದು ಲೀಟರ್ ಪಿತ್ತರಸ ಮಾಡುತ್ತದೆ. ಆ ರಸ ಕೂದಲೆಳೆಯಂಥ ನಾಳಗಳಲ್ಲಿ ಹುಟ್ಟಿ, ಸೇರಿ ಸೇರಿ ದೊಡ್ಡ ನಾಳವಾಗಿ, ಕೊನೆಗೆ ಕರುಳಿಗೆ ಬೀಳುತ್ತದೆ. ಹೆಬ್ಬಾಳ, ಯಲಹಂಕ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದ ನೀರು ಕಾಲುವೆಗೆ, ಕಾಲುವೆ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ರಾಜಕಾಲುವೆಗೆ ಯಾರೋ ಮಣ್ಣು ತುಂಬಿದರೆ ಮೇಲಿನ ಬಡಾವಣೆ ಮುಳುಗುತ್ತದೆ. ಪಿತ್ತನಾಳದಲ್ಲಿ ಕಲ್ಲು ಕೂತರೂ ಅಷ್ಟೇ: ಕಲ್ಲಿನ ಹಿಂದೆ ರಸ ನಿಲ್ಲುತ್ತದೆ, ನಾಳ ಊದುತ್ತದೆ, ನಿಂತ ರಸದಲ್ಲಿ ಕರುಳಿನಿಂದ ಬಂದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆ ಬ್ಯಾಕ್ಟೀರಿಯಾ ರಸವನ್ನು ಕೆಡಿಸಿ ಇನ್ನಷ್ಟು ಕಂದುಬಣ್ಣದ, ಒತ್ತಿದರೆ ಪುಡಿಯಾಗುವ ಕಲ್ಲು ಮಾಡುತ್ತದೆ. ಕಲ್ಲಿನಿಂದ ಕೀವು, ಕೀವಿನಿಂದ ಕಲ್ಲು.

ಆಗ ಬರುವುದು ಮೂರು ಲಕ್ಷಣ: ಗಡಗಡ ನಡುಗಿಸುವ ಚಳಿಜ್ವರ, ಬಲಪಕ್ಕೆಯ ಕೆಳಗೆ ಅಥವಾ ಎದೆಗುಂಡಿಯ ಹತ್ತಿರ ನೋವು, ಕಣ್ಣಿನ ಹಳದಿ. 1877ರಲ್ಲೇ ಫ್ರಾನ್ಸಿನ ಡಾಕ್ಟರ್ ಶಾರ್ಕೋ ಈ ಮೂರನ್ನೂ ಒಟ್ಟಿಗೆ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಇವತ್ತಿಗೂ ನೋವಿಗೆ ‘ಗ್ಯಾಸು’, ಜ್ವರಕ್ಕೆ ‘ವೈರಲ್ಲು’, ಹಳದಿಗೆ ‘ಕಾಮಾಲೆ’ ಎಂದು ಮೂರನ್ನೂ ಬೇರೆ ಬೇರೆ ಮಾಡಿ, ಮೂರು ಕಡೆ ಔಷಧಿ ತರುತ್ತೇವೆ.

ಈಗ ಮುಖ್ಯ ಮಾತು. ವರ್ಷಗಟ್ಟಲೆ ಕಲ್ಲು ಉಜ್ಜುತ್ತಾ, ಕೀವು ಕಟ್ಟುತ್ತಾ ಇರುವ ನಾಳದ ಒಳಪದರ ಮೆಲ್ಲಗೆ ಬದಲಾಗುತ್ತದೆ. ಕೆಲವರಲ್ಲಿ ಆ ಬದಲಾವಣೆ ಪಿತ್ತನಾಳದ ಕ್ಯಾನ್ಸರ್ ಆಗುತ್ತದೆ. ಎಷ್ಟು ಜನರಲ್ಲಿ? ಈ ಕಾಯಿಲೆ ಹೆಚ್ಚಿರುವ ಪೂರ್ವ ಏಷ್ಯಾದ ದೇಶಗಳ ಅಧ್ಯಯನಗಳಲ್ಲಿ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಇದೆ. ಲಿವರ್ ಒಳಗಿನ ಕಲ್ಲಿನ ನೂರು ರೋಗಿಗಳಲ್ಲಿ ಇಬ್ಬರಿಂದ ಹಿಡಿದು ಹತ್ತು, ಹನ್ನೆರಡು ಜನದವರೆಗೆ. ಉಳಿದವರಿಗೆ ಬರುವುದಿಲ್ಲ. ಇದನ್ನು ದಯವಿಟ್ಟು ಎರಡು ಸಲ ಓದಿ. ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗಿನಲ್ಲಿ ಬಂದವರೆಲ್ಲ ಇದನ್ನು ಓದಿ ರಾತ್ರಿ ನಿದ್ದೆಗೆಡಬೇಕಾಗಿಲ್ಲ. ಆದರೆ ನೂರರಲ್ಲಿ ಇಬ್ಬರೇ ಆಗಲಿ, ಹತ್ತು ಜನವೇ ಆಗಲಿ, ಅವರನ್ನು ಹುಡುಕುವ ಕೆಲಸ ಯಾರದ್ದು?

ಹುಡುಕುವುದು ಸುಲಭವಲ್ಲ, ಒಪ್ಪುತ್ತೇವೆ. ಇಲ್ಲಿ ಕ್ಯಾನ್ಸರಿಗೆ ಒಳ್ಳೆ ಮುಸುಕು ಸಿಕ್ಕಿರುತ್ತದೆ. ಕಲ್ಲಿನಿಂದಲೂ ನೋವು, ಕ್ಯಾನ್ಸರಿನಿಂದಲೂ ನೋವು. ಕಲ್ಲಿನಿಂದಲೂ ಕಾಮಾಲೆ, ಕ್ಯಾನ್ಸರಿನಿಂದಲೂ ಕಾಮಾಲೆ. ಸ್ಕ್ಯಾನಿಂಗಿನಲ್ಲಿ ಊದಿಕೊಂಡ ನಾಳ, ದಪ್ಪಗಾದ ಗೋಡೆ, ಕುಗ್ಗಿದ ಲಿವರಿನ ಭಾಗ, ಇವೆಲ್ಲ ಎರಡರಲ್ಲೂ ಕಾಣುತ್ತವೆ. ಒಂದು ಕಲ್ಲು ಕಂಡಿತೆಂದರೆ ನೋಡುವ ಕಣ್ಣಿಗೆ ಕಾರಣ ಸಿಕ್ಕಿಬಿಡುತ್ತದೆ. ಕಳ್ಳ ಸಿಕ್ಕಿದ ಎಂದು ಪೊಲೀಸರು ಕೇಸು ಮುಚ್ಚುತ್ತಾರೆ, ಎರಡನೆಯವನು ಹಿತ್ತಲಲ್ಲಿ ನಿಂತಿರುತ್ತಾನೆ.

ಹಾಗಾಗಿಯೇ ಎಷ್ಟೋ ಸಲ ಈ ಕ್ಯಾನ್ಸರ್ ಗೊತ್ತಾಗುವುದು ಕಲ್ಲಿಗೆಂದು ಲಿವರಿನ ಒಂದು ಭಾಗ ಕತ್ತರಿಸಿ ತೆಗೆದಾಗ, ಆ ತುಂಡನ್ನು ಲ್ಯಾಬಿಗೆ ಕಳಿಸಿದಾಗ. ತುಂಡು ಕಳಿಸದಿದ್ದರೆ ಅದೂ ಇಲ್ಲ.

ದೊಡ್ಡಪ್ಪನ ಕವರಿಗೆ ವಾಪಸ್ಸು ಬರೋಣ. ಮೊದಲ ಹಾಳೆ ಏಳು ವರ್ಷ ಹಳೆಯದು, ಪಿತ್ತಕೋಶ ತೆಗೆದದ್ದು. ಎರಡು ವರ್ಷ ಬಿಟ್ಟು ಚಳಿಜ್ವರ, ನಾಳದಲ್ಲಿ ಕಲ್ಲು. ಬಾಯಿಂದ ಕೊಳವೆ ಇಳಿಸಿ ಮಾಡುವ ಇಆರ್‌ಸಿಪಿ ಮಾಡಿ ಕಲ್ಲು ತೆಗೆದು, ನಾಳ ಮುಚ್ಚದಂತೆ ಒಂದು ಪ್ಲಾಸ್ಟಿಕ್ ಸ್ಟೆಂಟ್ ಇಟ್ಟರು. ಈ ಸ್ಟೆಂಟನ್ನು ಸುಮಾರು ಮೂರು ತಿಂಗಳಿಗೆ ತೆಗೆಯಬೇಕು ಇಲ್ಲವೇ ಬದಲಾಯಿಸಬೇಕು. ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದೂ ಇದ್ದರು. ಮನೆಯಲ್ಲಿ ಅದನ್ನು ಓದುವವರು ಯಾರು? ದೊಡ್ಡಪ್ಪ ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ. ಒಂದೂವರೆ ವರ್ಷ ಆ ಸ್ಟೆಂಟ್ ಒಳಗೇ ಇತ್ತು. ಅದೇ ಕಟ್ಟಿಕೊಂಡು ಮತ್ತೆ ಜ್ವರ ಬಂದಾಗ ಎರಡನೇ ಆಸ್ಪತ್ರೆಯವರು ಬೈದರು: “ಏನ್ರೀ, ಇಷ್ಟು ದಿನ ಏನ್ ಮಾಡ್ತಿದ್ರಿ?” ದೊಡ್ಡಪ್ಪ ತಲೆ ಕೆಳಗೆ ಹಾಕಿಕೊಂಡು ನಿಂತರಂತೆ, ತಪ್ಪು ಮಾಡಿದ ಹುಡುಗನ ಹಾಗೆ.

ಬಸುರಿಗೆ ತಾಯಿ ಕಾರ್ಡ್ ಕೊಡುತ್ತಾರೆ. ಯಾವ ತಿಂಗಳು ಯಾವ ಇಂಜೆಕ್ಷನ್ ಎಂದು ಅದರಲ್ಲಿರುತ್ತದೆ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ನೋಡುತ್ತಾರೆ. ಅಷ್ಟು ಗೊತ್ತಿರುವ ಇಲಾಖೆಗೆ ಸ್ಟೆಂಟ್ ಇಟ್ಟವರಿಗೊಂದು ಕನ್ನಡದ ಕಾರ್ಡು ಕೊಡುವುದು ಗೊತ್ತಿಲ್ಲವೇ? ಒಂದು ತಾರೀಕು, ಒಂದು ಫೋನ್ ನಂಬರು, ‘ಈ ದಿನದೊಳಗೆ ಬರಲೇಬೇಕು’ ಎಂಬ ಒಂದು ಸಾಲು. ಇದಕ್ಕೆ ಯಾವ ಮೆಷಿನ್ನೂ ಬೇಡ, ಯಾವ ಟೆಂಡರೂ ಬೇಡ. ಬಹುಶಃ ಟೆಂಡರ್ ಇಲ್ಲದ್ದಕ್ಕೇ ಆಗುತ್ತಿಲ್ಲವೇನೋ.

ನಾಲ್ಕನೇ ವರ್ಷದ ರಿಪೋರ್ಟಿನಲ್ಲಿ ಲಿವರಿನ ಎಡಭಾಗದ ನಾಳಗಳಲ್ಲಿ ಕಲ್ಲುಗಳು ಎಂದಿದೆ. ಈ ಕಲ್ಲು ಎಡಗಡೆಯೇ ಹೆಚ್ಚು ಕೂರುತ್ತದೆ. ಆ ಕಡೆಯ ನಾಳ ತಿರುವಿಕೊಂಡು ಸೇರುವುದೇ ಕಾರಣ ಎನ್ನುತ್ತಾರೆ. ಮುಂದಿನ ವರ್ಷದ ರಿಪೋರ್ಟಿನಲ್ಲಿ ಎಡಭಾಗ ‘ಅಟ್ರೊಫಿ’ ಎಂದಿದೆ. ಅಂದರೆ ಸೊರಗಿ ಕುಗ್ಗಿದೆ. ಇಂಥ ರೋಗಿಯಲ್ಲಿ ಕ್ಯಾನ್ಸರ್ ಇರಬಹುದೇ ಎಂದು ಅನುಮಾನಿಸಬೇಕಾದ ಗುರುತುಗಳನ್ನು ವೈದ್ಯಕೀಯ ಪುಸ್ತಕಗಳೇ ಹೇಳುತ್ತವೆ: ಬಹಳ ವರ್ಷದ ಕಲ್ಲು, ವಯಸ್ಸು ಐವತ್ತರ ಆಸುಪಾಸು ಅಥವಾ ಮೇಲೆ, ಲಿವರಿನ ಒಂದು ಭಾಗ ಕುಗ್ಗಿರುವುದು, ನಾಳ ಒಂದು ಕಡೆ ಬಿಗಿದುಕೊಂಡಿರುವುದು, ಕಲ್ಲು ತೆಗೆದರೂ ಮತ್ತೆ ಮತ್ತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು. ದೊಡ್ಡಪ್ಪನಲ್ಲಿ ಒಂದೊಂದಾಗಿ ಎಲ್ಲವೂ ಇದ್ದವು. ಎಲ್ಲವೂ ಆ ಕವರಿನೊಳಗೇ ಇದ್ದವು. ಆದರೆ ಬೇರೆ ಬೇರೆ ಹಾಳೆಯಲ್ಲಿ, ಬೇರೆ ಬೇರೆ ಆಸ್ಪತ್ರೆಯ ಮುದ್ರೆಯ ಕೆಳಗೆ. ಒಟ್ಟಿಗೆ ಇಟ್ಟು ನೋಡಿದವರು ರೈಲ್ವೆ ಬೆಂಚಿನ ಮೇಲೆ ಕೂತ ನಾವು, ಅದೂ ತಿಥಿಯಾದ ಮೇಲೆ.

ತೂಕ ಎಂಟು ಕೆಜಿ ಇಳಿದಾಗ ಮನೆಯವರು ‘ಪಥ್ಯ ಮಾಡ್ತಾರಲ್ಲ, ಅದಕ್ಕೆ’ ಅಂದುಕೊಂಡರು. ಕಲ್ಲು ಅಂತ ಎಣ್ಣೆ ಬಿಟ್ಟಿದ್ದರು, ಮಾಂಸ ಬಿಟ್ಟಿದ್ದರು, ಮುದ್ದೆಯನ್ನೂ ಅರ್ಧ ಮಾಡಿದ್ದರು. ಡಾಕ್ಟರು ‘ಶುಗರ್ ಇರಬಹುದು, ನೋಡೋಣ’ ಅಂದರು. ಶುಗರ್ ಇರಲಿಲ್ಲ. ಇಲ್ಲ ಎಂದಮೇಲೆ ಮತ್ತೇನು ಎಂದು ಯಾರೂ ಕೇಳಲಿಲ್ಲ.

ಆಮೇಲೆ ಆ ಟೆಸ್ಟಿನ ಕತೆ. ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯ ಎರಡೂ ಬದಿ, ಕೊಡಿಗೇಹಳ್ಳಿ ಗೇಟಿನ ಒಳಗೂ ಹೊರಗೂ, ಲ್ಯಾಬುಗಳಿಗೆ ಬರವಿಲ್ಲ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಗೌರಿಬಿದನೂರಿನ ಕಡೆಯಿಂದ ಬೆಂಗಳೂರಿಗೆ ಆಸ್ಪತ್ರೆಗೆ ಬರುವವರಿಗೆ ಈ ಕಡೆಯೇ ಮೊದಲು ಸಿಗುವುದು. ‘ಫುಲ್ ಬಾಡಿ ಪ್ಯಾಕೇಜ್’, ‘ಕ್ಯಾನ್ಸರ್ ಪ್ಯಾಕೇಜ್’ ಎಂದು ಬೋರ್ಡು ಹಾಕಿಕೊಂಡಿರುತ್ತಾರೆ. ಅದರಲ್ಲಿ ಸಿಎ 19-9 ಎಂಬ ರಕ್ತಪರೀಕ್ಷೆ ಒಂದು. 37ರ ಒಳಗಿದ್ದರೆ ಸರಿ, ಮೇಲಿದ್ದರೆ ಹೆಚ್ಚು ಎಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ.

ಈ ಪರೀಕ್ಷೆ ಒಂದೇ ಮಾಡಿಸಿ ಕ್ಯಾನ್ಸರ್ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ನಾಳದಲ್ಲಿ ಕೀವಿದ್ದರೆ, ರಸ ಕಟ್ಟಿಕೊಂಡಿದ್ದರೆ, ಕ್ಯಾನ್ಸರ್ ಇಲ್ಲದಿದ್ದರೂ ಅದು ನೂರಾರು, ಸಾವಿರಾರು ಏರಬಹುದು. ಇನ್ನು ಕೆಲವರ ರಕ್ತದ ಗುಣವೇ ಅಂಥದ್ದು, ನೂರರಲ್ಲಿ ಐದರಿಂದ ಹತ್ತು ಜನರ ದೇಹ ಆ ವಸ್ತುವನ್ನು ಮಾಡುವುದೇ ಇಲ್ಲ. ಅವರಿಗೆ ಕ್ಯಾನ್ಸರ್ ಇದ್ದರೂ ಅದು ಏರುವುದಿಲ್ಲ. ಹಾಗಾದರೆ ಉಪಯೋಗವಿಲ್ಲವೇ? ಇದೆ. ಜ್ವರ ಇಳಿದು, ಕಟ್ಟಿದ ನಾಳ ಬಿಡಿಸಿದ ಮೇಲೆ ಕೆಲವು ವಾರ ಬಿಟ್ಟು ಮತ್ತೆ ಮಾಡಬೇಕು. ಆಗಲೂ ಇಳಿಯದಿದ್ದರೆ, ಇನ್ನೂ ಏರುತ್ತಿದ್ದರೆ, ಅದು ಗಂಟೆ ಬಾರಿಸಿದ ಹಾಗೆ.

ದೊಡ್ಡಪ್ಪನಿಗೆ ಜ್ವರವಿದ್ದಾಗ ಮಾಡಿಸಿದರು. ಹೆಚ್ಚಿತ್ತು. “ಇನ್ಫೆಕ್ಷನ್ನಿಂದ ಬಂದಿರುತ್ತೆ” ಅಂದರು. ಇರಬಹುದಿತ್ತು, ಆ ಮಾತು ತಪ್ಪಲ್ಲ. ತಪ್ಪಾದದ್ದು ಆಮೇಲೆ. ಇನ್ನೊಮ್ಮೆ ಮಾಡಿಸಲೇ ಇಲ್ಲ. ಅಲ್ಲಿಂದ ಹನ್ನೊಂದು ತಿಂಗಳಿಗೆ ಬೇರೊಂದು ಕಡೆ ಎಡಭಾಗ ತೆಗೆಯುವ ಆಪರೇಷನ್ ಆಯಿತು, ಅದೂ ಕಲ್ಲಿಗೆಂದೇ. ಆ ಡಾಕ್ಟರು ತುಂಡನ್ನು ಪರೀಕ್ಷೆಗೆ ಕಳಿಸಿದರು, ಅವರಿಗೆ ನಾವು ಋಣಿ. ಕ್ಯಾನ್ಸರ್ ಗಂಟುಗಳಿಗೂ ಹಬ್ಬಿತ್ತು.

ನಾವು ಈ ಬಗ್ಗೆ ಒಬ್ಬರು ಡಾಕ್ಟರ ಹತ್ತಿರ ಜಗಳ ಆಡಿದೆವು. ನಮಗೆ ಬೇಕಾದವರೇ, ಸಿಟ್ಟಾಗಲಿಲ್ಲ. “ನೋಡ್ರಪ್ಪ, ಕಲ್ಲಿದೆ ಅಂತ ಬಂದೋರಿಗೆಲ್ಲ ಕ್ಯಾನ್ಸರ್ ಹೆಸರು ಹೇಳಿದ್ರೆ ಅರ್ಧ ಜನ ಹೆದರಿ ಓಡಿಹೋಗ್ತಾರೆ, ಇನ್ನರ್ಧ ಮನೆ ಮಾರ್ತಾರೆ” ಅಂದರು. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಹೆದರಿಸಿ ಟೆಸ್ಟು ಮಾರುವ ದಂಧೆ ನಮ್ಮ ಕಣ್ಣೆದುರೇ ಇದೆ. ಆದರೆ ನಾವು ಕೇಳುತ್ತಿರುವುದು ಎಲ್ಲರಿಗೂ ಎಲ್ಲ ಟೆಸ್ಟು ಅಲ್ಲ. ಲಿವರ್ ಒಳಗಿನ ನಾಳದಲ್ಲೇ ಕಲ್ಲಿರುವ, ಪದೇ ಪದೇ ಜ್ವರ ಬರುವ, ಲಿವರಿನ ಒಂದು ಪಕ್ಕ ಕುಗ್ಗಿರುವ ರೋಗಿಗೆ ಕಾಂಟ್ರಾಸ್ಟ್ ಹಾಕಿ ಸಿಟಿ ಅಥವಾ ಎಂಆರ್‌ಐ, ನಾಳದ ಚಿತ್ರ ತೆಗೆಯುವ ಎಂಆರ್‌ಸಿಪಿ, ಅನುಮಾನದ ಜಾಗ ಕಂಡರೆ ಇಆರ್‌ಸಿಪಿ ಮಾಡುವಾಗಲೇ ಬ್ರಷ್‌ನಿಂದ ಒಂದಿಷ್ಟು ಜೀವಕೋಶ ಅಥವಾ ಒಂದು ಚೂರು ತೆಗೆದು ಪರೀಕ್ಷೆ. ಆ ಮೊದಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂದರೆ ಕ್ಯಾನ್ಸರ್ ಇಲ್ಲ ಎಂದಲ್ಲ, ಬ್ರಷ್‌ಗೆ ಸಿಗದೆ ತಪ್ಪಿಸಿಕೊಳ್ಳುವುದು ಮಾಮೂಲು. ಅನುಮಾನ ಉಳಿದರೆ ಮತ್ತೆ ನೋಡಬೇಕು. ಬರೀ ಹೊಟ್ಟೆಯ ಮೇಲಿಂದ ಮಾಡುವ ಅಲ್ಟ್ರಾಸೌಂಡಿನಲ್ಲಿ ಕರುಳಿನ ಗಾಳಿ ಅಡ್ಡ ಬಂದು ನಾಳದ ಕೆಳಭಾಗ ಸರಿಯಾಗಿ ಕಾಣದೇ ಹೋಗಬಹುದು.

ಅವರ ಎರಡನೇ ವಾದ: “ಈ ಕ್ಯಾನ್ಸರ್ ಕೆಟ್ಟದ್ದು, ಸಿಕ್ಕಿದ್ರೂ ಏನ್ ಮಾಡಕ್ಕಾಗುತ್ತೆ?” ಇದನ್ನು ಮಾತ್ರ ನಾವು ಒಪ್ಪುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹೆಚ್ಚಿನವರಲ್ಲಿ ಆಪರೇಷನ್ ಮಾಡುವ ಹಂತ ದಾಟಿರುತ್ತದೆ, ನಿಜ. ದಾಟಿರುವುದು ಯಾಕೆ? ತಡವಾಗಿ ಗೊತ್ತಾಗುವುದರಿಂದ. ಪೂರ್ತಿ ಕತ್ತರಿಸಿ ತೆಗೆಯುವುದೇ ಇದನ್ನು ಗುಣಪಡಿಸುವ ದಾರಿ, ಅದಕ್ಕೆ ಬೇಗ ಸಿಗಬೇಕು. ನಾಳದ ಒಳಪದರ ಕ್ಯಾನ್ಸರ್ ಆಗುವ ಮೊದಲು ಕೆಡುತ್ತಾ ಬರುವ ಹಂತಗಳಿವೆ, ಅದಕ್ಕೆ ವರ್ಷಗಳು ಹಿಡಿಯುತ್ತವೆ. ಸೊರಗಿದ, ಕಲ್ಲು ತುಂಬಿದ ಒಂದು ಪಕ್ಕವನ್ನು ಆ ಹಂತದಲ್ಲೇ ತೆಗೆದರೆ ಕಲ್ಲೂ ಹೋಯಿತು, ಅಪಾಯವೂ ಬಹಳ ಮಟ್ಟಿಗೆ ತಗ್ಗಿತು. ದೊಡ್ಡಪ್ಪನಿಗೆ ಏಳು ವರ್ಷ ಸಮಯವಿತ್ತು.

ಥಾಯ್ಲೆಂಡಿನ ಈಶಾನ್ಯ ಭಾಗದ ಹಳ್ಳಿಗಳಲ್ಲಿ ಈ ಪಿತ್ತನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು. ಅಲ್ಲಿಯ ಕಾರಣ ಬೇರೆ: ಹಸಿ ಮೀನು ತಿಂದಾಗ ಒಳಗೆ ಹೋಗಿ ಪಿತ್ತನಾಳದಲ್ಲಿ ಮನೆ ಮಾಡುವ ಒಂದು ಹುಳ. ಆ ಹುಳ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಪಟ್ಟಿಗೆ ಸೇರಿಸಿತು. 2013ರಿಂದ ಖೋನ್ ಕೇನ್ ವಿಶ್ವವಿದ್ಯಾಲಯದವರು ಅಲ್ಟ್ರಾಸೌಂಡ್ ಮೆಷಿನ್ನನ್ನು ಹಳ್ಳಿಗೆ ಒಯ್ದು, ರೈತರನ್ನು ಸಾಲಾಗಿ ಮಲಗಿಸಿ ಲಿವರ್ ನೋಡುತ್ತಿದ್ದಾರೆ. ನಮ್ಮ ಕಡೆ ಹಸಿ ಮೀನು ತಿನ್ನುವವರಿಲ್ಲ, ಊರೂರಿಗೆ ಮೆಷಿನ್ ಒಯ್ಯುವ ಅಗತ್ಯವೂ ಇಲ್ಲ. ನಮ್ಮ ರೋಗಿಗಳು ತಾವೇ ಕಾಲಲ್ಲಿ ನಡೆದು, ಸಾಲ ಮಾಡಿ ಆಸ್ಪತ್ರೆಗೆ ಬರುತ್ತಾರೆ. ಅಪಾಯದಲ್ಲಿರುವವನು ಕಣ್ಣೆದುರೇ ಕೂತಿರುವಾಗ ನೋಡುವುದಕ್ಕೆ ಏನು ಕಷ್ಟ?

(ಹುಳದ ಮಾತು ಬಂದಿದ್ದಕ್ಕೆ: ಜಂತುಹುಳು ಕೂಡ ಕರುಳಿನಿಂದ ಪಿತ್ತನಾಳಕ್ಕೆ ನುಗ್ಗಿ, ಅಲ್ಲೇ ಸತ್ತು, ಅದರ ಸುತ್ತ ಕಲ್ಲು ಕಟ್ಟುವುದುಂಟು. ಕಾಶ್ಮೀರದ ವೈದ್ಯರು ಇದನ್ನು ಬಹಳ ಕಂಡು ಬರೆದಿದ್ದಾರೆ. ಶಾಲೆಯಲ್ಲಿ ಕೊಡುವ ಜಂತುಹುಳು ಮಾತ್ರೆಯನ್ನು ಮಕ್ಕಳು ಕಿಟಕಿಯಿಂದ ಎಸೆಯದ ಹಾಗೆ ನೋಡಿಕೊಳ್ಳಿ.)

ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಎಂಬ ಮೂರು ಹೆಸರು ಇವೆ. ಸರಿಯಾದ್ದೇ, ಅವೇ ಹೆಚ್ಚು. ಆದರೆ ಪಟ್ಟಿಯಲ್ಲಿ ಇಲ್ಲದ್ದು ಯಾರ ತಲೆಯಲ್ಲೂ ಇರುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದಿದೆ. ಆ ಹಣ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದ ಚಿಕಿತ್ಸೆಗೆ, ಪ್ಯಾಕೇಜ್ ಲೆಕ್ಕದಲ್ಲಿ. ಕಲ್ಲು ತೆಗೆದ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬಂದು ತೋರಿಸಿಕೊಂಡು ಹೋಗುವವನ ಸ್ಕ್ಯಾನಿಂಗಿಗೆ, ಬಸ್ ಚಾರ್ಜಿಗೆ, ಹೋದ ಕೂಲಿಗೆ ಯಾವ ಪ್ಯಾಕೇಜೂ ಇಲ್ಲ. ತೆಗೆಯುವುದಕ್ಕೆ ದುಡ್ಡಿದೆ, ಕಾಯುವುದಕ್ಕೆ ದುಡ್ಡಿಲ್ಲ. ಈ ಕಾಯಿಲೆಯಲ್ಲಿ ಕಾಯುವುದೇ ಅರ್ಧ ಚಿಕಿತ್ಸೆ. ಕಲ್ಲು ಪೂರ್ತಿ ತೆಗೆದ ಮೇಲೂ ಕೆಲವರಲ್ಲಿ ವರ್ಷಗಳಾದ ನಂತರ ಕ್ಯಾನ್ಸರ್ ಕಾಣಿಸಿಕೊಂಡಿದೆ.

ಇನ್ನು ನಮ್ಮ ಊರಿನವರ ಮೇಲೂ ಜಗಳ ಇದೆ, ಬಿಡುವುದಿಲ್ಲ. ಕಾಮಾಲೆ ಬಂತು ಅಂದ ಕೂಡಲೇ ಸೊಪ್ಪಿನ ರಸ ಕೊಡುವವರ ಮನೆ ಮುಂದೆ ಸಾಲು. ಆ ಔಷಧಿ ಕುಡಿದು ಗುಣವಾದವರು ಸುಳ್ಳು ಹೇಳುತ್ತಿಲ್ಲ. ಕೆಟ್ಟ ನೀರಿನಿಂದ ಬರುವ ವೈರಸ್ಸಿನ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಕೆಲವು ವಾರದಲ್ಲಿ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ಆದರೆ ನಾಳ ಕಟ್ಟಿ ಬಂದ ಕಾಮಾಲೆ ಯಾವ ಸೊಪ್ಪಿಗೂ ಬಿಡುವುದಿಲ್ಲ. ಅದರ ಗುರುತು ಬೇರೆ: ಮೂತ್ರ ಕಡು ಟೀ ಬಣ್ಣ, ಮಲ ಸುಣ್ಣಮಣ್ಣು ಕಲಸಿದ ಹಾಗೆ ಬಿಳಿಚು, ಮೈಯೆಲ್ಲಾ ತುರಿಕೆ, ಜೊತೆಗೆ ಚಳಿಜ್ವರ. ಇದು ಕಂಡಮೇಲೆ ಒಂದು ದಿನವೂ ಸೊಪ್ಪಿಗೆಂದು ಕಾಯಬೇಡಿ. ಕೀವು ರಕ್ತಕ್ಕೆ ಹೋದರೆ ಎರಡು ದಿನದಲ್ಲಿ ಪ್ರಾಣವೇ ಹೋಗಬಹುದು.

ಮೊಬೈಲಿನಲ್ಲಿ ಬರುವ ‘ಲಿವರ್ ಕ್ಲೀನ್’ ವಿಡಿಯೊ ಇನ್ನೊಂದು. ರಾತ್ರಿ ಎಣ್ಣೆ, ನಿಂಬೆರಸ, ಭೇದಿ ಉಪ್ಪು ಕುಡಿದರೆ ಬೆಳಿಗ್ಗೆ ಹಸಿರು ಹಸಿರು ಕಲ್ಲು ಬೀಳುತ್ತವೆ, ತಟ್ಟೆಯಲ್ಲಿಟ್ಟು ತೋರಿಸುತ್ತಾರೆ. ನ್ಯೂಜಿಲೆಂಡಿನಲ್ಲಿ ಒಬ್ಬ ಹೆಂಗಸು ಹೀಗೆ ಬಿದ್ದ ‘ಕಲ್ಲು’ಗಳನ್ನು ಡಾಕ್ಟರ ಹತ್ತಿರ ತಂದರು, ಅವನ್ನು ಪರೀಕ್ಷೆ ಮಾಡಿ 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸೋಪಿನಂತೆ ಗಟ್ಟಿಯಾಗಿ ಬಿದ್ದಿತ್ತು, ಬಿಸಿಗೆ ಇಟ್ಟರೆ ಕರಗಿತು. ಕಲ್ಲು ಇದ್ದಲ್ಲೇ ಇತ್ತು. ಕಲ್ಲು ಕರಗಿಸುವ ಮಾತ್ರೆ ಎಂದು ತಿಂಗಳುಗಟ್ಟಲೆ ನುಂಗುವವರೂ ತಿಳಿಯಿರಿ: ಅದು ಪಿತ್ತಕೋಶದ ಕೊಬ್ಬಿನ ಜಾತಿಯ ಸಣ್ಣ ಕಲ್ಲಿಗೆ ಸ್ವಲ್ಪ ಕೆಲಸ ಮಾಡೀತು, ಲಿವರಿನೊಳಗಿನ ಈ ಕಂದು ಕಲ್ಲನ್ನು ಅದು ಕರಗಿಸುವುದಿಲ್ಲ.

ಕೊನೆಗೆ ನಮ್ಮ ಮೇಲೆ ನಮ್ಮ ಜಗಳ. ‘ರೋಗಿಯ ಹೊಟ್ಟೆಯಿಂದ ನೂರಾರು ಕಲ್ಲು ಹೊರತೆಗೆದ ವೈದ್ಯರು’, ಈ ಸುದ್ದಿಯನ್ನು ನಾವೇ ಎಷ್ಟು ಸಲ ಕಳಿಸಿಲ್ಲ! ಆಸ್ಪತ್ರೆಯಿಂದ ವಾಟ್ಸಾಪಿನಲ್ಲಿ ಫೋಟೊ ಬರುತ್ತದೆ: ಸ್ಟೀಲ್ ಟ್ರೇ, ಅದರ ಮೇಲೆ ಸಾಲಾಗಿ ಜೋಡಿಸಿದ ಕಲ್ಲು, ಪಕ್ಕದಲ್ಲಿ ಸ್ಕೇಲು. ಎರಡು ಕಾಲಂ ಸುದ್ದಿ. ಕಲ್ಲು ಎಷ್ಟು ಎಂದು ಎಣಿಸಿ ಬರೆದೆವು. ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಿದಿರಾ ಎಂದು ಒಬ್ಬರನ್ನೂ ಕೇಳಲಿಲ್ಲ. ಆ ರೋಗಿ ಎರಡು ವರ್ಷದ ಮೇಲೆ ಹೇಗಿದ್ದಾನೆ ಎಂದು ಫೋನೂ ಮಾಡಲಿಲ್ಲ. ಇನ್ನು ಮೇಲೆ ಈ ಎರಡು ಪ್ರಶ್ನೆಗೆ ಉತ್ತರವಿಲ್ಲದೆ ಅಂಥ ಸುದ್ದಿ ಕಳಿಸುವುದಿಲ್ಲ ಎಂದು ನಮ್ಮ ಬಳಗದಲ್ಲಿ ತೀರ್ಮಾನ ಮಾಡಿದ್ದೇವೆ. ಸಾಲಿನ ದುಡ್ಡು ಹೋದರೆ ಹೋಗಲಿ.

ಆಸ್ಪತ್ರೆಗಳಿಂದ ನಾವು ಕೇಳುವುದು ಇಷ್ಟೇ. ಲಿವರ್, ಪಿತ್ತನಾಳ, ಪಿತ್ತಕೋಶ, ಯಾವುದೇ ಭಾಗ ಕತ್ತರಿಸಿದರೂ ತುಂಡು ಪೆಥಾಲಜಿಗೆ ಹೋಗಲಿ, ರಿಪೋರ್ಟು ರೋಗಿಯ ಕೈಗೆ ಬರಲಿ. ಡಿಸ್ಚಾರ್ಜ್ ಚೀಟಿಯ ಕೊನೆಗೆ ಕನ್ನಡದಲ್ಲಿ ಮೂರು ಸಾಲು ಇರಲಿ: ಎಲ್ಲಿ ಕಲ್ಲಿತ್ತು, ಇನ್ನೂ ಉಳಿದಿದೆಯೇ, ಮತ್ತೆ ಯಾವಾಗ ಬರಬೇಕು. ‘ಕ್ಯಾನ್ಸರ್ ಇದೆಯೇ ಎಂದು ನೋಡಿದ್ದೇವೆ, ಸದ್ಯ ಕಂಡಿಲ್ಲ’ ಎಂಬ ಒಂದು ವಾಕ್ಯ ಬರೆಯುವುದಕ್ಕೆ ಯಾಕೆ ಹೆದರಿಕೆ? ನೋಡಿಲ್ಲದಿದ್ದರೆ ಬರೆಯಲು ಆಗುವುದಿಲ್ಲ, ಅದೇ ತಾಪತ್ರಯ.

ಓದುತ್ತಿರುವ ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಮನೆಯಲ್ಲಿರುವ ಹಳೇ ರಿಪೋರ್ಟು ತೆಗೆದು ನೋಡಿ, ಇಂಗ್ಲಿಷ್ ಬರುವ ಮಕ್ಕಳಿಂದ ಓದಿಸಿ. ‘ಹೆಪಟೊಲಿಥಿಯಾಸಿಸ್’ ಅಥವಾ ‘ಇಂಟ್ರಾಹೆಪಾಟಿಕ್ ಕ್ಯಾಲ್ಕುಲೈ’ ಎಂದಿದ್ದರೆ ಲಿವರ್ ಒಳಗೇ ಕಲ್ಲು. ‘ಸ್ಟ್ರಿಕ್ಚರ್’ ಎಂದರೆ ನಾಳ ಬಿಗಿದಿದೆ. ‘ಅಟ್ರೊಫಿ’ ಎಂದರೆ ಆ ಪಕ್ಕ ಕುಗ್ಗಿದೆ. ಈ ಪದಗಳಿದ್ದು, ತೂಕವೂ ಇಳಿಯುತ್ತಿದ್ದರೆ ಎಲ್ಲ ಹಾಳೆ, ಫಿಲ್ಮು, ಸಿಡಿ ಒಂದೇ ಕವರಿಗೆ ಹಾಕಿ, ತಾರೀಕಿನ ಪ್ರಕಾರ ಜೋಡಿಸಿ, ಜಠರಗರುಳು ತಜ್ಞರ ಹತ್ತಿರ ಹೋಗಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಇದಕ್ಕೆಂದೇ ಸರ್ಕಾರದ ಸಂಸ್ಥೆ ಇದೆ, ಜಠರಗರುಳು ವಿಜ್ಞಾನ ಮತ್ತು ಅಂಗಾಂಗ ಕಸಿ ಸಂಸ್ಥೆ. ಕ್ಯಾನ್ಸರಿಗೆ ಕಿದ್ವಾಯಿ ಇದೆ, 1973ರಿಂದಲೂ. ಹೋಗುವ ಮೊದಲು ನಿಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಬರೆಸಿಕೊಳ್ಳಿ, ಆಯುಷ್ಮಾನ್ ಕಾರ್ಡಿಗೆ ಅದು ಬೇಕಾಗುತ್ತದೆ. ಡಾಕ್ಟರ ಮುಂದೆ ಕೂತಾಗ ಸಂಕೋಚ ಬಿಟ್ಟು ಹೀಗೆ ಕೇಳಿ: “ಸಾರ್, ಕಲ್ಲಿನ ಜೊತೆ ಬೇರೆ ಏನಾದ್ರೂ ಇದೆಯಾ ಅಂತ ನೋಡಿದೀರಾ?”

ಹೋದ ವಾರ ದೊಡ್ಡಮ್ಮ ಫೋನ್ ಮಾಡಿದ್ದರು. ಪಕ್ಕದ ಊರಿನ ಒಬ್ಬರಿಗೆ ಎಡಗಡೆ ಕಲ್ಲಂತೆ, ನಾಲ್ಕು ವರ್ಷದಿಂದ ಜ್ವರ ಬಂದು ಹೋಗಿ ಮಾಡುತ್ತಿದೆಯಂತೆ, ಪಂಚೆ ಸೊಂಟದಲ್ಲಿ ನಿಲ್ಲುತ್ತಿಲ್ಲವಂತೆ. “ನಮ್ಮವ್ರಿಗೆ ಆದಂಗೇ ಐತೆ ಕಣಪ್ಪ, ಒಂದ್ಸಲ ನೋಡ್ರಿ” ಅಂದರು. ರಿಪೋರ್ಟಿನ ಫೋಟೊ ವಾಟ್ಸಾಪಿನಲ್ಲಿ ಬಂತು, ಅರ್ಧ ಮಸುಕು. ಮೂಲ ಹಾಳೆಗಳನ್ನೇ ತರಲು ಹೇಳಿದ್ದೇವೆ. ಗುರುವಾರ ಅವರಿಗೆ ಎಂಆರ್‌ಸಿಪಿ. ನಮ್ಮಲ್ಲೊಬ್ಬ ಜೊತೆಗೆ ಹೋಗುತ್ತಿದ್ದಾನೆ, ಕವರು ಹಿಡಿದುಕೊಂಡು.